ಮಳೆಗೆ ಮುಂಚಿನ ಕೆಂಪು

ಶನಿವಾರ, ಕುಂದಾಪುರದ ಸಂತೆ. ಏಪ್ರಿಲ್ ಮುಗಿಯುತ್ತ ಬಂದಿದೆ. ಬೆಳಿಗ್ಗೆ ಒಂಬತ್ತಕ್ಕೇ ಅಂಗಿ ಬೆನ್ನಿಗೆ ಅಂಟಿಕೊಂಡಿದೆ. ಬೆಲ್ಲ, ಒಣಮೀನು, ಗೋಣಿಚೀಲ, ಬಾಡಿದ ಕೊತ್ತಂಬರಿ ಸೊಪ್ಪು, ಎಲ್ಲದರ ವಾಸನೆಯೂ ಒದ್ದೆ ಗಾಳಿಯಲ್ಲಿ ಮೇಲೇಳಲಾರದೆ ಮೊಣಕಾಲಿನ ಎತ್ತರದಲ್ಲೇ ತಿರುಗುತ್ತಿದೆ. ಮೆಣಸಿನ ಸಾಲು ಕಣ್ಣಿಗೆ ಬೀಳುವ ಮೊದಲೇ ನಿಮ್ಮ ಮೂಗಿಗೆ ಸಿಕ್ಕಿತು. ಒಂದು ಸೀನು ಬಂತು. ಪಕ್ಕದಲ್ಲಿ ಚೌಕಾಸಿ ಮಾಡುತ್ತಿದ್ದವರಿಗೂ ಒಂದು ಬಂತು.

ಚೀಲದ ಬಾಯಿಯನ್ನು ಹೊರಕ್ಕೆ ಮಡಚಿ ಇಟ್ಟಿದ್ದಾರೆ. ಒಳಗೆ ಗಾಢ ಕೆಂಪಿನ, ಮೈತುಂಬ ಸುಕ್ಕುಗಟ್ಟಿದ ಬ್ಯಾಡಗಿ ಮೆಣಸು. "ಹ್ವಾಯ್, ಮುಟ್ಟಿ ಕಾಣಿ, ಹೊಸ ಮೆಣ್ಸ್" ಎನ್ನುತ್ತಾರೆ ವ್ಯಾಪಾರಿ. ನೀವು ಒಂದನ್ನು ಎತ್ತಿಕೊಳ್ಳುತ್ತೀರಿ. ಕಿವಿಯ ಹತ್ತಿರ ಅಲುಗಾಡಿಸಿದರೆ ಒಳಗಿನ ಬೀಜ ಗಲಗಲ ಎನ್ನಬೇಕು. ಇದು ಎನ್ನುವುದಿಲ್ಲ. ಬಗ್ಗಿಸಿದರೆ ಮುರಿಯದೆ ಚರ್ಮದ ಹಾಗೆ ಬಾಗುತ್ತದೆ. ಸಾಗಣೆಯಲ್ಲಿ ಪುಡಿಯಾಗದಿರಲಿ ಎಂದು ಮೆಣಸಿಗೆ ನೀರು ಚಿಮುಕಿಸುವುದುಂಟು. ತೂಕಕ್ಕೂ ಅದರಿಂದ ನಷ್ಟವಿಲ್ಲ. ಮುಂದಿನ ಚೀಲಕ್ಕೆ ಹೋಗುತ್ತೀರಿ. ಅಲ್ಲಿ ಮೆಣಸು ಟಕ್ಕೆಂದು ಮುರಿಯುತ್ತದೆ, ಬೆರಳ ತುದಿಗೆ ಕುಂಕುಮದಂಥ ಬಣ್ಣ ಹತ್ತುತ್ತದೆ. ಇದೇ ಆಗಬೇಕು.

ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯ ಹೆಸರು ಹೊತ್ತ ಈ ಮೆಣಸಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಗಿಡ್ಡಗೆ, ದಪ್ಪಗೆ ಇರುವುದು ಡಬ್ಬಿ. ಸಪೂರವಾಗಿ ಉದ್ದಕ್ಕೆ ಇರುವುದು ಕಡ್ಡಿ. ಬಣ್ಣ ಧಾರಾಳ, ಖಾರ ಸೌಮ್ಯ. ಕುಂದಾಪುರದ ಮಸಾಲೆ ಪುಡಿಗೆ ಈ ಗುಣವೇ ಬೇಕಾದದ್ದು. ಸಾರು ನೋಡಿದರೆ ಬೆಂಕಿಯಂತೆ ಇರುತ್ತದೆ, ಉಂಡರೆ ನಾಲಗೆ ಸುಡುವುದಿಲ್ಲ. ಖಾರದ ಉಳಿದ ಪಾಲನ್ನು ಬೇರೆಯವರು ಹೊರುತ್ತಾರೆ. ಅದಕ್ಕಾಗಿ ಒಂದು ಹಿಡಿ ಗಿಡ್ಡ ಖಾರದ ಮೆಣಸು ಕಟ್ಟಿಸಿಕೊಳ್ಳುತ್ತೀರಿ, ಜೊತೆಗೆ ಒಳ್ಳೆಮೆಣಸು, ಎಂದರೆ ಕಾಳುಮೆಣಸು. ಒಳ್ಳೆಮೆಣಸು ಮಾತ್ರ ದೂರದ ಬಯಲುಸೀಮೆಯದಲ್ಲ. ಘಟ್ಟದ ಬುಡದ ಅಮಾಸೆಬೈಲು, ಸಿದ್ದಾಪುರ, ಹೊಸಂಗಡಿ ಕಡೆಯ ಅಡಿಕೆ ತೋಟಗಳಲ್ಲಿ ಮರಕ್ಕೆ ಹಬ್ಬಿ ಬೆಳೆದದ್ದು.

ಈ ಎರಡು ಪೊಟ್ಟಣ ಒಂದೇ ಚೀಲದಲ್ಲಿ ಸೇರುವುದಕ್ಕೆ ಸಮುದ್ರ ದಾಟಬೇಕಾಯಿತು. ನೀವು ನಿಂತಲ್ಲಿಂದ ವಾರಾಹಿಯ ದಡ ಹಿಡಿದು ಒಳಕ್ಕೆ ಹೋದರೆ ಬಸರೂರು ಸಿಗುತ್ತದೆ, ಪೋರ್ಚುಗೀಸರು ಬಾರ್ಸೆಲೋರ್ ಎಂದು ಕರೆದ ಬಂದರು. 1569ರಲ್ಲಿ ಅವರು ಅದನ್ನು ಹಿಡಿದು ಕೋಟೆ ಕಟ್ಟಿದರು. ಅಕ್ಕಿ ಮತ್ತು ಒಳ್ಳೆಮೆಣಸು ಈ ಕರಾವಳಿಯಿಂದ ಹಡಗು ಹತ್ತಿದವು. ಅಮೆರಿಕ ಖಂಡದ ಮೆಣಸಿನಕಾಯಿ ಅದೇ ಪೋರ್ಚುಗೀಸರ ಹಡಗುಗಳಲ್ಲಿ ಭಾರತದ ಪಶ್ಚಿಮ ತೀರಕ್ಕೆ ಬಂತು. ಅದಕ್ಕೂ ಮೊದಲು ಇಲ್ಲಿನ ಅಡುಗೆಯ ಖಾರ ಮುಖ್ಯವಾಗಿ ಒಳ್ಳೆಮೆಣಸಿನದು. ಹೊಸಬ ಬಂದ ಮೇಲೂ ಹಳಬನನ್ನು ಹೊರಗೆ ಹಾಕಲಿಲ್ಲ ಎನ್ನುವುದಕ್ಕೆ ನಿಮ್ಮ ಕೈಚೀಲವೇ ಸಾಕ್ಷಿ.

ಕೊತ್ತಂಬರಿ, ಜೀರಿಗೆ, ಮೆಂತೆ, ಅರಸಿನದ ಕೊಂಬು, ಬೆಳ್ಳುಳ್ಳಿ. ಚೀಟಿ ಮುಗಿಯಿತು. ಚಕ್ಕೆ, ಲವಂಗ ಬೇಡವೇ ಎಂದು ಅಂಗಡಿಯವರು ಕೇಳುವುದಿಲ್ಲ. ಈ ಪುಡಿಗೆ ಅವು ಬೀಳುವುದಿಲ್ಲ ಎನ್ನುವುದು ಅವರಿಗೆ ಗೊತ್ತು.

*

ಬಸ್ಸು ಉತ್ತರಕ್ಕೆ ಹೊರಡುತ್ತದೆ. ಪೇಟೆ ಮುಗಿಯುತ್ತಿದ್ದಂತೆ ಎರಡೂ ಕಿಟಕಿಯಲ್ಲಿ ನೀರು. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಕೇಡಕ ಎಂಬ ಐದು ನದಿಗಳು ಇಲ್ಲಿ ಪಂಚಗಂಗಾವಳಿಯಾಗಿ ಸೇರಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲಿಗೆ ಬೀಳುತ್ತವೆ. ಕುಂದಾಪುರ ಪೇಟೆಗೆ ಮೂರು ದಿಕ್ಕಿನಲ್ಲೂ ನೀರು. ತಲೆಯ ಮೇಲೆ ವರ್ಷಕ್ಕೆ 4,000 ಮಿಲಿಮೀಟರಿನ ಆಸುಪಾಸು ಸುರಿಯುವ ಮಳೆ. ಇಂಥ ಊರಿನಲ್ಲಿ ಒಂದು ಒಣ ಪುಡಿಯನ್ನು ವರ್ಷವಿಡೀ ಒಣಗಿಸಿಯೇ ಇಟ್ಟುಕೊಳ್ಳಬೇಕು. ಮುಂದೆ ನೀವು ಕಾಣುವ ಕೆಲಸವೆಲ್ಲ ನೀರಿನ ಜೊತೆಗಿನ ಜಗಳವೇ.

ಹೆಮ್ಮಾಡಿಯಲ್ಲಿ ಇಳಿದು ಒಳದಾರಿ ಹಿಡಿಯುತ್ತೀರಿ. ಸೇವಂತಿಗೆಗೆ ಹೆಸರಾದ ಊರು. ಈಗ ಹೂವಿನ ಕಾಲವಲ್ಲ, ಗದ್ದೆ ಬಿರುಕು ಬಿಟ್ಟಿದೆ. ಹಂಚಿನ ಮನೆಯ ಅಂಗಳದಲ್ಲಿ ಹಳೇ ಸೀರೆಯೊಂದನ್ನು ಹಾಸಿ ನಾಲ್ಕು ಮೂಲೆಗೂ ಕಲ್ಲು ಇಟ್ಟಿದ್ದಾರೆ. ಊರಿಗೆಲ್ಲ ದೊಡ್ಡಮ್ಮ ಆಗಿರುವವರು ಜಗಲಿಯಿಂದ ಇಳಿದು ಬರುತ್ತಾರೆ. "ಬನಿ, ಬನಿ. ಬಿಸ್ಲ್ ಹೋಪುಕ್ ಮುಂಚೆ ಹರಡ್ಕ್." ನೀರು ಬೇಕೇ ಎಂದು ಕೇಳುವುದು ಆಮೇಲೆ.

ನೀವು ಮೆಣಸು ಸುರಿಯುತ್ತೀರಿ, ಅವರು ಅಂಗೈಯಲ್ಲಿ ಸವರಿ ಒಂದು ಪದರಕ್ಕೆ ತರುತ್ತಾರೆ. ಒಂದರ ಮೇಲೊಂದು ಬಿದ್ದ ಮೆಣಸಿನ ಅಡಿಯಲ್ಲಿ ತೇವ ಕೂರುತ್ತದೆ, ತೇವ ಕೂತಲ್ಲಿ ಬೂಸ್ಟು ಹಿಡಿಯುತ್ತದೆ. ಸರಿಯಾಗಿ ಒಣಗದ ಮೆಣಸಿನಲ್ಲಿ ಬೆಳೆಯುವ ಕೆಲವು ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷ ಬಿಡುತ್ತವೆ. ಎಷ್ಟು ಹುರಿದರೂ ಅದು ಪೂರ್ತಿ ಹೋಗುವುದಿಲ್ಲ. ಒಣಮೆಣಸಿನಲ್ಲಿ ಶೇ 11ಕ್ಕಿಂತ ಹೆಚ್ಚು ತೇವ ಇರಕೂಡದು ಎಂದು ದೇಶದ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ದೊಡ್ಡಮ್ಮನ ಮಾಪಕ ಬೇರೆ. ಒಂದು ಹಿಡಿ ಮೆಣಸು ಎತ್ತಿ ಗೆರಸಿಗೆ ಬಿಡುತ್ತಾರೆ. ತರಗೆಲೆ ಬಿದ್ದ ಸದ್ದು ಬಂದರೆ ಒಣಗಿತು, ಇಲ್ಲದಿದ್ದರೆ ನಾಳೆಯೂ ಬಿಸಿಲು.

ಮಧ್ಯಾಹ್ನ ಮೂರಾದ ಮೇಲೆ ಸೀರೆಯ ನಾಲ್ಕು ಮೂಲೆ ಹಿಡಿದು ಒಳಗೆ ತರುತ್ತಾರೆ. ಬಿಸಿಲು ಇನ್ನೂ ಇದೆಯಲ್ಲ ಎಂದು ನೀವು ಕೇಳಬಹುದು. ಸಂಜೆ ಕಡಲಿನ ಕಡೆಯಿಂದ ಬೀಸುವ ಗಾಳಿ ತೇವ ಹೊತ್ತು ತರುತ್ತದೆ. ಹಗಲೆಲ್ಲ ಬಿಟ್ಟುಕೊಟ್ಟ ನೀರನ್ನು ಮೆಣಸು ಮತ್ತೆ ಕುಡಿಯತೊಡಗುತ್ತದೆ. ಬೆಚ್ಚಗಿರುವಾಗಲೇ ಒಳಗೆ ತಂದು, ಆರಿದ ಮೇಲೆ ಡಬ್ಬಕ್ಕೆ ತುಂಬುತ್ತಾರೆ. ಜಗಲಿಯಲ್ಲಿ ಕಾಲು ಚಾಚಿ ಕೂತು ತೊಟ್ಟು ಮುರಿಯುವ ಕೆಲಸಕ್ಕೆ ಇಡೀ ಮನೆ ಸೇರುತ್ತದೆ. ಸೇರಿನ ಲೆಕ್ಕದಲ್ಲಿ ಮಾತು ಸಾಗುತ್ತದೆ. ಯಾರ ಮನೆಯಲ್ಲಿ ಉಪ್ಪಿನಕಾಯಿ ಆಯಿತು, ಯಾರ ಹಪ್ಪಳ ಒಡೆಯಿತು, ಮಂದಾರ್ತಿ ಮೇಳದ ಆಟ ಈ ವರ್ಷ ಇನ್ನೆಷ್ಟು ಉಳಿದಿದೆ. ಮೇ ತಿಂಗಳ ಕೊನೆಗೆ ಯಕ್ಷಗಾನದ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚುತ್ತವೆ. ಅಷ್ಟರೊಳಗೆ ಪುಡಿ ಭರಣಿ ಸೇರಿರಬೇಕು ಎನ್ನುವುದು ಮನೆಯ ಪಂಚಾಂಗ. ನಿಮ್ಮ ಬೆರಳಿನ ಸಂದುಗಳು ಉರಿಯತೊಡಗುತ್ತವೆ. ಕೈ ತೊಳೆದರೆ ಉರಿ ಹೋಗುವುದಿಲ್ಲ, ಮೆಣಸಿನ ಖಾರ ನೀರಿಗೆ ಬಗ್ಗುವುದಿಲ್ಲ. ತೆಂಗಿನೆಣ್ಣೆ ಸವರಿಕೊಳ್ಳಿ ಎಂದು ದೊಡ್ಡಮ್ಮನ ಸೊಸೆ ಬಾಟಲಿ ತಂದುಕೊಡುತ್ತಾಳೆ.

*

ಹುರಿಯುವ ದಿನ. ಒಳಗಿನ ಗ್ಯಾಸಿನ ಒಲೆ ಬಿಟ್ಟು ಹಿತ್ತಿಲಿನ ಕಟ್ಟಿಗೆ ಒಲೆಗೆ ಬಂದಿದ್ದಾರೆ. ಈ ಘಾಟು ಒಳಗೆ ಎದ್ದರೆ ಮನೆಯವರೆಲ್ಲ ಅಂಗಳ ಸೇರಬೇಕಾಗುತ್ತದೆ. ದಪ್ಪ ತಳದ ಕಬ್ಬಿಣದ ಬಾಣಲೆ, ಮರದ ಸಟ್ಟುಗ, ಒಂದು ಕುಡಿತೆ ತೆಂಗಿನೆಣ್ಣೆ. ಗೆರಸಿಯಲ್ಲಿ ಸಾಮಾನು ಗುಂಪು ಗುಂಪಾಗಿ ಕೂತಿದೆ. ಈ ಮನೆಯ ಲೆಕ್ಕ ಹೀಗೆ: ಬ್ಯಾಡಗಿ 1 ಕಿಲೋ, ಕೊತ್ತಂಬರಿ ಅರ್ಧ ಕಿಲೋ, ಜೀರಿಗೆ 100 ಗ್ರಾಂ, ಒಳ್ಳೆಮೆಣಸು 100 ಗ್ರಾಂ, ಮೆಂತೆ 50 ಗ್ರಾಂ, ಅರಸಿನ 50 ಗ್ರಾಂ, ಬೆಳ್ಳುಳ್ಳಿ 200 ಗ್ರಾಂ, ಖಾರದ ಮೆಣಸು ಒಂದು ಹಿಡಿ, ಕರಿಬೇವು ನಾಲ್ಕು ಎಸಳು. ಪಕ್ಕದ ಮನೆಯಲ್ಲಿ ಕೊತ್ತಂಬರಿ ಇನ್ನೂ ಕಡಿಮೆ. ಅದರಾಚೆಯ ಮನೆಯಲ್ಲಿ ಎರಡು ಚಮಚ ಸಾಸಿವೆಯೂ ಬೀಳುತ್ತದೆ. ಮೂರು ಮನೆಯವರೂ ತಮ್ಮದೇ ಸರಿ ಎನ್ನುತ್ತಾರೆ, ಮೂವರ ಕೋಳಿ ಸಾರೂ ಚೆನ್ನಾಗಿಯೇ ಇರುತ್ತದೆ.

ಎಲ್ಲವನ್ನೂ ಒಟ್ಟಿಗೆ ಹಾಕಿ ಹುರಿಯುವಂತಿಲ್ಲ. ಒಂದೊಂದು ಕಾಳಿಗೆ ಒಂದೊಂದು ಹೊತ್ತು. ಮೊದಲು ಕೊತ್ತಂಬರಿ, ಎಣ್ಣೆಯಿಲ್ಲದೆ. ಸಟ್ಟುಗ ನಿಮ್ಮ ಕೈಗೆ ಬರುತ್ತದೆ. ಮೊದಲ ಎರಡು ನಿಮಿಷ ಏನೂ ಆಗುವುದಿಲ್ಲ. ಆಮೇಲೆ ತೆಳ್ಳಗೆ ಹಬೆ ಏಳುತ್ತದೆ. ಅದು ಕಾಳಿನೊಳಗೆ ಉಳಿದಿದ್ದ ನೀರು. ಹಬೆ ನಿಂತ ಮೇಲೆ ಕಿತ್ತಳೆ ಸಿಪ್ಪೆಯನ್ನು ಹೋಲುವ ಪರಿಮಳ ಬರುತ್ತದೆ. ಬಣ್ಣ ಒಂದು ಸುತ್ತು ಗಾಢವಾಗುತ್ತಿದ್ದಂತೆ ಬಾಣಲೆ ಇಳಿಸಿ, ಕಾಳನ್ನು ಗೆರಸಿಗೆ ಸುರಿಯಬೇಕು. ಬಾಣಲೆಯಲ್ಲೇ ಬಿಟ್ಟರೆ ಅದರ ಕಾವಿಗೆ ಇನ್ನೂ ಹುರಿದು ಹೋಗುತ್ತದೆ.

ಜೀರಿಗೆಗೆ ಅರೆ ನಿಮಿಷ ಸಾಕು. ಒಳ್ಳೆಮೆಣಸು ಚಟಪಟ ಎಂದು ಒಂದೆರಡು ಕಾಳು ಬಾಣಲೆಯಿಂದ ಹಾರುವವರೆಗೆ. ಮೆಂತೆಯ ಸರದಿ ಬಂದಾಗ ದೊಡ್ಡಮ್ಮ ಸಟ್ಟುಗವನ್ನು ನಿಮ್ಮ ಕೈಯಿಂದ ತೆಗೆದುಕೊಳ್ಳುತ್ತಾರೆ. ಹಳದಿ ಕಾಳು ಕೆಂಬಣ್ಣಕ್ಕೆ ತಿರುಗಿದರೆ ಬಾದಾಮಿಯ ಘಮ. ಅಲ್ಲಿಂದ ನಾಲ್ಕು ಉಸಿರು ತಡವಾದರೆ 2 ಕಿಲೋ ಪುಡಿಗೂ ಕಹಿ ಹತ್ತುತ್ತದೆ. ಕಹಿಯನ್ನು ಯಾವ ಹುಳಿಯೂ ಬೆಲ್ಲವೂ ಮುಚ್ಚುವುದಿಲ್ಲ. 50 ಗ್ರಾಂ ಮೆಂತೆಗೆ ಮನೆಯ ಹಿರಿಯರ ಕೈಯೇ ಬೇಕು ಎನ್ನುವುದು ಇದಕ್ಕೆ.

ಬೆಳ್ಳುಳ್ಳಿ ಎಲ್ಲಕ್ಕಿಂತ ತಕರಾರಿನದು. ಅದರ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರು. ಸಿಪ್ಪೆ ಸಮೇತ ಜಜ್ಜಿ, ಎಣ್ಣೆ ಹಾಕಿ, ಸಣ್ಣ ಉರಿಯಲ್ಲಿ ತಾಳ್ಮೆಯಿಂದ ಆಡಿಸುತ್ತಾರೆ. ಮೊದಲು ಮೆತ್ತಗಾಗುತ್ತದೆ, ಅಂಟುತ್ತದೆ, ಆಮೇಲೆ ಒಂದೊಂದೇ ಎಸಳು ಬಿಡಿಸಿಕೊಂಡು ಗರಿಯಾಗುತ್ತದೆ. ಬೆರಳಲ್ಲಿ ಒತ್ತಿದರೆ ಬಿಸ್ಕತ್ತಿನಂತೆ ಒಡೆಯಬೇಕು. ಒಂದು ಎಸಳು ಮೆತ್ತಗೆ ಉಳಿದರೂ ಮಳೆಗಾಲದಲ್ಲಿ ಭರಣಿಯ ನಡುವೆ ಗಂಟು ಕಟ್ಟುತ್ತದೆ. ಅಷ್ಟು ತಾಪತ್ರಯ ಬೇಡ ಎನ್ನುವವರು ಪುಡಿಗೆ ಬೆಳ್ಳುಳ್ಳಿ ಸೇರಿಸುವುದೇ ಇಲ್ಲ, ಸಾರಿಗೆ ಅರೆಯುವಾಗ ಹಸಿಯದನ್ನು ಹಾಕಿಕೊಳ್ಳುತ್ತಾರೆ.

ಕೊನೆಗೆ ಮೆಣಸು. ಬಾಣಲೆಗೆ ಎರಡು ಚಮಚ ತೆಂಗಿನೆಣ್ಣೆ. ಎಣ್ಣೆ ರುಚಿಗೆ ಮಾತ್ರವಲ್ಲ. ಮೆಣಸಿನ ಕೆಂಪು ಬಣ್ಣ ಮತ್ತು ಖಾರ ಎರಡೂ ಎಣ್ಣೆಯಲ್ಲಿ ಕರಗುವಂಥವು. ಹುರಿಯುವಾಗ ಎಣ್ಣೆ ಮೈಗೆ ಹತ್ತಿದ ಮೆಣಸು ಸಾರಿನಲ್ಲಿ ಬೇಗ ಬಣ್ಣ ಬಿಡುತ್ತದೆ. ಒಂದೊಂದೇ ಹಿಡಿ ಹಾಕಿ ತಿರುವುತ್ತೀರಿ. ಸುಕ್ಕುಗಳು ಉಬ್ಬುತ್ತವೆ, ಮೆಣಸು ಹೊಳೆಯುತ್ತದೆ. "ಸಣ್ ಬೆಂಕಿ ಸಾಕ್, ಹೆಣೆ" ಎಂದು ಸೊಸೆಗೆ ಹೇಳಿ, ನಿಮ್ಮ ಕಡೆ ತಿರುಗಿ, "ಕೈ ನಿಲ್ಸುಕಾಗ. ಕಪ್ ಆರೆ ಕಹಿ ಆತ್ತ್" ಎನ್ನುತ್ತಾರೆ. ಅಷ್ಟರಲ್ಲಿ ಘಾಟು ಏಳುತ್ತದೆ. ಗಂಟಲಿಗೆ ಯಾರೋ ಗರಗಸ ಹಾಕಿದಂತೆ ಕೆಮ್ಮು. ಕಣ್ಣಲ್ಲಿ ನೀರು. ಸೊಸೆ ಸೆರಗಿನಿಂದ ಮೂಗು ಕಟ್ಟಿಕೊಂಡು ಸೌದೆ ಹಿಂದಕ್ಕೆ ಎಳೆಯುತ್ತಾಳೆ. ರಸ್ತೆಯಲ್ಲಿ ಹೋಗುವ ಸೈಕಲ್ಲಿನವನು ಕೆಮ್ಮುತ್ತ, "ಹ್ವಾಯ್, ಪುಡಿ ಮಾಡ್ತಾ ಇತ್ರಿಯಾ?" ಎಂದು ಕೂಗಿ ಹೋಗುತ್ತಾನೆ. ಕೇರಿಗೆಲ್ಲ ಸುದ್ದಿ ಮುಟ್ಟಿತು.

*

ಮಿಲ್ಲಿನಲ್ಲಿ ಸರದಿ ಇದೆ. ಮಳೆಗೆ ಮುಂಚಿನ ವಾರಗಳಲ್ಲಿ ಹೀಗೆಯೇ. ಗೋಡೆ, ತಕ್ಕಡಿ, ಬೆಲ್ಟು, ಮಿಲ್ಲಿನವರ ಹುಬ್ಬು ಕೂಡ ಕೆಂಪು. ಚೀಲ ಇಳಿಸಿದ ಕೂಡಲೇ ದೊಡ್ಡಮ್ಮ ಕೇಳುವ ಪ್ರಶ್ನೆ ಒಂದೇ: ನಮಗಿಂತ ಮುಂಚೆ ಯಾರದು, ಎಂಥದ್ದು? ಯಂತ್ರದ ಹೊಟ್ಟೆಯಲ್ಲಿ ಹಿಂದಿನವರ ಪುಡಿ ಒಂದಿಷ್ಟು ಉಳಿದೇ ಇರುತ್ತದೆ. ಮುಂಚಿನದು ಬರೀ ಖಾರದ ಪುಡಿಯಾದರೆ ಪರವಾಗಿಲ್ಲ. ಗೋಧಿಯೋ ರಾಗಿಯೋ ಆಗಿದ್ದರೆ ಬೇಡ, ಹಿಟ್ಟು ಸೇರಿದ ಪುಡಿಗೆ ಹುಳು ಬೇಗ ಬೀಳುತ್ತದೆ. ಹೀಗಾಗಿ ಒಂದು ಹಿಡಿ ಕೊತ್ತಂಬರಿಯನ್ನು ಮೊದಲು ಓಡಿಸಿ, ಅದು ಬಳಿದು ತಂದದ್ದನ್ನು ಬೇರೆ ತೆಗೆದಿಟ್ಟು, ಆಮೇಲೆ ನಿಮ್ಮದನ್ನು ಹಾಕಿಸುತ್ತಾರೆ.

ಬಾಯಿಯಿಂದ ಪುಡಿ ಇಳಿಯುತ್ತದೆ. ಡಬ್ಬ ಹಿಡಿದ ನಿಮ್ಮ ಕೈಗೆ ಕಾವು ತಟ್ಟುತ್ತದೆ. ಮುಚ್ಚಳ ಹಾಕಬೇಡಿ. ಬಿಸಿ ಪುಡಿಗೆ ಮುಚ್ಚಳ ಹಾಕಿದರೆ ಒಳಗಿನ ಹಬೆ ಮೇಲಕ್ಕೇರಿ, ತಗಡಿಗೆ ತಾಗಿ, ಹನಿಯಾಗಿ ಕೆಳಗೆ ಬೀಳುತ್ತದೆ. ಅಷ್ಟು ದಿನ ಓಡಿಸಿದ ನೀರು ಹಿಂಬಾಗಿಲಿನಿಂದ ಬಂದಂತೆ. ಮನೆಗೆ ಬಂದು ಚಾವಡಿಯಲ್ಲಿ ಕಾಗದ ಹಾಸಿ, ಪುಡಿ ಹರಡಿ, ಫ್ಯಾನು ಆರಿಸಿ, ಆರುವವರೆಗೆ ಕಾಯುತ್ತೀರಿ. ಬಣ್ಣ ಇಟ್ಟಿಗೆ ಕೆಂಪಿಗೂ ಕಾವಿಗೂ ನಡುವೆ. ಮೂಗನ್ನು ಹತ್ತಿರ ತಂದರೆ ಮೊದಲು ಮೆಂತೆ, ಹಿಂದೆಯೇ ಬೆಳ್ಳುಳ್ಳಿ. ಖಾರ ಕೊನೆಗೆ ಗಂಟಲಲ್ಲಿ ತಿಳಿಯುತ್ತದೆ.

ಚಿಟಿಕೆ ನಾಲಗೆಗೆ ಇಟ್ಟರೆ ಏನೋ ಕಡಿಮೆ ಅನಿಸುತ್ತದೆ. ಉಪ್ಪಿಲ್ಲ. ಉಪ್ಪಿರುವ, ಇದೇ ಬಗೆಯ ಇನ್ನೊಂದು ಕೆಂಪು ಪುಡಿ ಭೂಮಿಯ ಆಚೆ ಬದಿಯಲ್ಲಿದೆ. ಅಮೆರಿಕದ ಲೂಸಿಯಾನಾದಲ್ಲಿ ಫ್ರೆಂಚರು, ಸ್ಪೇನಿನವರು, ಗುಲಾಮರನ್ನಾಗಿ ಮಾಡಿ ಆಫ್ರಿಕಾದಿಂದ ತಂದ ಜನ, ಅಲ್ಲಿನ ಮೂಲನಿವಾಸಿಗಳು ಎಲ್ಲರ ಅಡುಗೆ ಬೆರೆತು ಹುಟ್ಟಿದ ಕ್ರಿಯೋಲ್ ಮಸಾಲೆ ಅದು. ಪ್ಯಾಪ್ರಿಕಾ ಎಂಬ ಸೌಮ್ಯ ಮೆಣಸು ಬಣ್ಣಕ್ಕೆ, ಕಯೆನ್ ಮೆಣಸು ಖಾರಕ್ಕೆ, ಜೊತೆಗೆ ಒಳ್ಳೆಮೆಣಸು, ಬೆಳ್ಳುಳ್ಳಿ ಮತ್ತು ನೀರುಳ್ಳಿ ಪುಡಿ, ಒರೆಗಾನೊ, ಥೈಮ್ ಎಂಬ ಒಣ ಸೊಪ್ಪುಗಳು. ಅದೂ ಕಡಲ ತೀರದ ಊರಿನದು, ಅದೂ ಸೀಗಡಿಗೆ ಬಿದ್ದು ಅನ್ನದ ಮೇಲೆ ಬರುವಂಥದ್ದು. ಬಣ್ಣಕ್ಕೊಂದು ಮೆಣಸು, ಖಾರಕ್ಕೊಂದು ಮೆಣಸು ಎಂಬ ಲೆಕ್ಕವೂ ಒಂದೇ. ಆದರೆ ಅಲ್ಲಿ ಪುಡಿಗಳನ್ನು ಹುರಿಯದೆ ಕಲಸುತ್ತಾರೆ, ಉಪ್ಪನ್ನೂ ಸೇರಿಸುತ್ತಾರೆ, ಬೇಯಿಸಿದ ಮೀನಿನ ಮೇಲೆ ಹಾಗೇ ಉದುರಿಸುವುದೂ ಉಂಟು. ಕುಂದಾಪುರದ ಪುಡಿಯನ್ನು ಮೇಲಿಂದ ಉದುರಿಸುವ ಹಾಗಿಲ್ಲ, ಅದು ಕಾಯಿಯ ಜೊತೆ ಅರೆದು ಕುದಿಯಬೇಕು. ಉಪ್ಪನ್ನು ಹೊರಗಿಟ್ಟದ್ದಕ್ಕೂ ಇಲ್ಲಿ ಕಾರಣ ಎದುರಿಗೇ ಇದೆ. ಜುಲೈ ತಿಂಗಳಲ್ಲಿ ಈ ಮನೆಯ ಉಪ್ಪಿನ ಮರಿಗೆಯನ್ನು ನೋಡಿದವರಿಗೆ ಗೊತ್ತು, ಗಾಳಿಯ ನೀರನ್ನೆಲ್ಲ ಎಳೆದುಕೊಂಡು ಉಪ್ಪು ತಾನೇ ಕರಗಿ ಕೂತಿರುತ್ತದೆ. ಪುಡಿಯಲ್ಲಿ ಅದಿದ್ದರೆ ಪುಡಿಯನ್ನೂ ಕರಗಿಸುತ್ತಿತ್ತು.

ಭರಣಿಯನ್ನು ತೊಳೆದು ಬಿಸಿಲಲ್ಲಿ ಕಾಯಿಸಿ ಇಟ್ಟಿದ್ದಾರೆ. ಒತ್ತಿ ಒತ್ತಿ ತುಂಬುತ್ತಾರೆ. ಸಡಿಲ ಬಿಟ್ಟಲ್ಲಿ ಗಾಳಿ, ಗಾಳಿಯಿದ್ದಲ್ಲಿ ತೇವ. ಬಾಯಿಗೆ ಬಟ್ಟೆ ಕಟ್ಟಿ ಕತ್ತಲ ಮೂಲೆಗೆ. ಬೆಳಕಿಗೆ ಇಟ್ಟರೆ ಕೆಂಪು ಮಾಸುತ್ತದೆ. ದಿನಬಳಕೆಗೆ ಸಣ್ಣ ಬಾಟಲಿ ಬೇರೆ, ಅದರೊಳಗೆ ಒಣ ಮರದ ಚಮಚ ಒಂದು. ದೊಡ್ಡ ಭರಣಿಯನ್ನು ತೆರೆಯುವುದು ತಿಂಗಳಿಗೊಮ್ಮೆ, ಅದೂ ಬಿಸಿಲಿದ್ದ ದಿನ.

*

ನೀರನ್ನು ಓಡಿಸುವ ಕೆಲಸ ಮುಗಿಯಿತು. ಇನ್ನು ಮರಳಿ ಕೊಡುವ ಕೆಲಸ.

ಆದಿತ್ಯವಾರ ಕೋಳಿ ಸಾರು. ಹೆರೆಮಣೆಯ ಮೇಲೆ ಕೂತು ಸೊಸೆ ಒಂದು ಇಡೀ ತೆಂಗಿನಕಾಯಿ ಹೆರೆಯುತ್ತಾಳೆ. ಮುಕ್ಕಾಲು ಪಾಲು ಕಾಯಿಯನ್ನು ನೀರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಜೊತೆ ಎಣ್ಣೆಯಲ್ಲಿ ಬಾಡಿಸಿ, ಒಲೆ ಆರಿಸಿದ ಮೇಲೆ ಪುಡಿ ಬೀಳುತ್ತದೆ. 1 ಕಿಲೋ ಕೋಳಿಗೆ ನಾಲ್ಕು ಚಮಚ ತುಂಬಾ. ಉರಿಯ ಮೇಲಿರುವಾಗ ಹಾಕಿದರೆ ಒಮ್ಮೆ ಹುರಿದದ್ದು ಇನ್ನೊಮ್ಮೆ ಹುರಿದು ಸೀಯುತ್ತದೆ. ನುಣ್ಣಗೆ ಅರೆದ ಮಸಾಲೆಯ ಬಣ್ಣ ಈಗ ಪುಡಿಗಿಂತ ತಿಳಿ. ಕಾಯಿಯ ಬಿಳಿ ಅದನ್ನು ಮೃದು ಮಾಡಿದೆ. ಇತ್ತ ಪಾತ್ರೆಯಲ್ಲಿ ಕೋಳಿ ಉಪ್ಪು, ಅರಸಿನ ಹಾಕಿಸಿಕೊಂಡು ತನ್ನ ನೀರಿನಲ್ಲೇ ಬೇಯುತ್ತಿದೆ. ಮಸಾಲೆ ಸೇರುತ್ತದೆ. ಮೊದಲು ಹಸಿ ವಾಸನೆ. ಹತ್ತು ನಿಮಿಷ ಕುದಿದ ಮೇಲೆ ಪಾತ್ರೆಯ ಅಂಚಿನಲ್ಲಿ ಕೆಂಪೆಣ್ಣೆಯ ಸಣ್ಣ ಸಣ್ಣ ಕಣ್ಣುಗಳು ಮೂಡುತ್ತವೆ. ಪುಡಿ ಹುರಿಯುವಾಗ ಮೆಣಸಿಗೆ ಎಣ್ಣೆ ಕುಡಿಸಿದ್ದು ಈಗ ಲೆಕ್ಕಕ್ಕೆ ಬಂತು. ಉಳಿದ ಕಾಯಿಯ ಹಾಲು ಹಿಂಡಿ ಹಾಕಿ, ಒಂದು ಕುದಿ ಬರುತ್ತಿದ್ದಂತೆ ಇಳಿಸುತ್ತಾರೆ. ನಿಮ್ಮ ಬಟ್ಟಲಿಗೆ ನೀರುದೋಸೆ ಮಡಚಿ ಹಾಕಿ, ಮೇಲೆ ಸಾರು. ದೋಸೆಯ ತೂತುಗಳೆಲ್ಲ ಕೆಂಪಾಗುತ್ತವೆ. ಮೊದಲ ತುತ್ತಿನಲ್ಲಿ ಕಾಯಿಯ ಸಿಹಿ, ಎರಡನೆಯದರಲ್ಲಿ ಮೆಂತೆ, ನಾಲ್ಕನೆಯದಕ್ಕೆ ಒಳ್ಳೆಮೆಣಸು ಕಿವಿಯ ಹಿಂದೆ ಬೆವರು ತರಿಸುತ್ತದೆ.

ಕುಂದಾಪುರ ಎಂದರೆ ಹೊರಗಿನವರಿಗೆ ನೆನಪಾಗುವ ಚಿಕನ್ ಘೀ ರೋಸ್ಟ್ ಈ ಭರಣಿಯಿಂದ ಆಗುವುದಿಲ್ಲ. ಪೇಟೆಯ ಶೆಟ್ಟಿ ಲಂಚ್ ಹೋಮ್ ಹೆಸರಿನೊಂದಿಗೆ ಬೆಳೆದ ಆ ಪದಾರ್ಥಕ್ಕೆ ಬ್ಯಾಡಗಿ ಮೆಣಸನ್ನು ಆಗಷ್ಟೇ ಹುರಿದು, ಹುಳಿ ಸೇರಿಸಿ ಅರೆದು, ತುಪ್ಪದಲ್ಲಿ ಬಾಡಿಸಬೇಕು. ಅದು ಹಬ್ಬದ, ಹೋಟೆಲಿನ ಕೆಂಪು. ಭರಣಿಯದು ದಿನದ ಕೆಂಪು.

ಮರುದಿನ ಗಂಗೊಳ್ಳಿಯ ಬಂಗುಡೆ ಬರುತ್ತದೆ. ಮೀನಿಗೆ ಕಾಯಿಯನ್ನು ಬಾಡಿಸುವುದಿಲ್ಲ. ಹಸಿ ಕಾಯಿ, ಮೂರು ಚಮಚ ಪುಡಿ, ನಿಂಬೆಗಾತ್ರದ ಹುಣಸೆಹುಳಿ ಅರೆದು ಮಣ್ಣಿನ ಪಾತ್ರೆಯಲ್ಲಿ ಕುದಿಸುತ್ತಾರೆ. ಶುಂಠಿ, ಸೀಳಿದ ಹಸಿಮೆಣಸು. ಮಸಾಲೆ ಕುದಿದ ಮೇಲಷ್ಟೇ ಮೀನು. ಇನ್ನು ಸಟ್ಟುಗ ಮುಟ್ಟುವಂತಿಲ್ಲ. ಎರಡೂ ಬದಿಗೆ ಬಟ್ಟೆ ಹಿಡಿದು ಪಾತ್ರೆಯನ್ನೇ ಅಲುಗಾಡಿಸುತ್ತೀರಿ. ಇಳಿಸಿದ ಮೇಲೆ ಒಂದು ಚಮಚ ಹಸಿ ತೆಂಗಿನೆಣ್ಣೆ. ಕುಚ್ಚಿಗೆ ಅಕ್ಕಿಯ ಅನ್ನಕ್ಕೆ ಈ ಸಾರು ರಾತ್ರಿಗಿಂತ ಮಾರನೆಯ ಬೆಳಿಗ್ಗೆ ರುಚಿ.

ಜೂನ್ 1ಕ್ಕೆ ಯಾಂತ್ರಿಕ ದೋಣಿಗಳು ದಡ ಸೇರುತ್ತವೆ. ಜುಲೈ 31ರವರೆಗೆ ಆಳಸಮುದ್ರದ ಮೀನುಗಾರಿಕೆಗೆ ರಜೆ. ಅಂಗಳದಲ್ಲಿ ಮಳೆ, ತೋಡು ತುಂಬಿ ಗದ್ದೆಗೆ ನುಗ್ಗಿದೆ, ಪೇಟೆಗೆ ಹೋಗುವ ಮನಸ್ಸು ಯಾರಿಗೂ ಇಲ್ಲ. ಪುಡಿಯ ನಿಜವಾದ ಕಾಲ ಇದು. ಅಟ್ಟದಿಂದ ಮಂಗಳೂರು ಸೌತೆ ಇಳಿಯುತ್ತದೆ, ಮಣ್ಣು ಮೆತ್ತಿ ಕಾಪಿಟ್ಟ ಹಲಸಿನ ಬೀಜ ಹೊರಬರುತ್ತದೆ, ಡಬ್ಬದಿಂದ ಒಣ ಸೀಗಡಿ. ಮೂರೂ ಒಂದೇ ಪಾತ್ರೆಗೆ ಬಿದ್ದು, ಕಾಯಿ ಮತ್ತು ಪುಡಿಯ ಮಸಾಲೆಯಲ್ಲಿ ಕುದಿಯುತ್ತವೆ. ಮೇ ತಿಂಗಳಲ್ಲಿ ಒಣಗಿದ್ದೆಲ್ಲ ಜುಲೈಯಲ್ಲಿ ನೀರು ಕುಡಿದು ಮೆತ್ತಗಾಗುವ ಅಡುಗೆ. ಅಂಗಡಿಗೆ ಹೋಗದೆ, ಮೀನಿನವಳು ಬಾರದೆ, ಹತ್ತು ಜನ ಉಣ್ಣುತ್ತಾರೆ.

*

ದಕ್ಷಿಣಕ್ಕೆ ಹೋದರೆ ತೆಕ್ಕಟ್ಟೆ ದಾಟಿ ಕೋಟ, ಸಾಲಿಗ್ರಾಮ. ಅಲ್ಲಿನ ಬ್ರಾಹ್ಮಣರ ಮನೆಗಳ ಪುಡಿಯಲ್ಲಿ ಬೆಳ್ಳುಳ್ಳಿ ಇಲ್ಲ, ಇಂಗು ಇದೆ. ಹುಳಿಗೆ, ಸಾರಿಗೆ ಅದು ಸಾಕು. ಮಾಬುಕಳದ ಸೇತುವೆಯಾಚೆ ಬ್ರಹ್ಮಾವರ. ಸೋಮವಾರದ ಸಂತೆಯಲ್ಲಿ ನಿಂತರೆ ಒಂದು ಕಿವಿಗೆ ಕುಂದಾಪುರದ ಕನ್ನಡ, ಇನ್ನೊಂದಕ್ಕೆ ತುಳು, ನಡುವೆ ಕೊಂಕಣಿ. ಬ್ಯಾಡಗಿಯ ಚೀಲದ ಮುಂದೆ ಮೂವರೂ ಮೆಣಸನ್ನು ಮುರಿದೇ ನೋಡುತ್ತಾರೆ. ಉತ್ತರಕ್ಕೆ ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ. ಅದನ್ನು ದಾಟಿ ಉಪ್ಪುಂದ, ಬೈಂದೂರು. 2018ರಲ್ಲಿ ಬೈಂದೂರು, ಬ್ರಹ್ಮಾವರ ಬೇರೆ ಬೇರೆ ತಾಲ್ಲೂಕುಗಳಾದವು. ಭರಣಿಗಳಿಗೆ ಆ ಸುದ್ದಿ ಮುಟ್ಟಿದಂತಿಲ್ಲ. ಮದುವೆಯಾಗಿ ಬೈಂದೂರಿನಿಂದ ಬ್ರಹ್ಮಾವರಕ್ಕೆ ಬಂದ ಹೆಣ್ಣು ತವರಿನ ಅಳತೆಯನ್ನು ತರುತ್ತಾಳೆ, ಅತ್ತೆಯ ಅಳತೆ ಅದರ ಜೊತೆ ಜಗಳ ಆಡಿ ನಾಲ್ಕು ಬೇಸಗೆಯಲ್ಲಿ ಮೂರನೆಯದೊಂದು ಅಳತೆ ಹುಟ್ಟುತ್ತದೆ. ಬರೆದಿಟ್ಟ ಲೆಕ್ಕ ಯಾರ ಮನೆಯಲ್ಲೂ ಬಹಳ ಕಾಲ ಹಾಗೇ ಉಳಿಯುವುದಿಲ್ಲ.

ಹೊರಡುವಾಗ ನಿಮಗೂ ಒಂದು ಪೊಟ್ಟಣ ಸಿಗುತ್ತದೆ. ದೊಡ್ಡಮ್ಮ ಎರಡು ಸುತ್ತು ಪ್ಲಾಸ್ಟಿಕ್ ಸುತ್ತಿ, ರಬ್ಬರ್ ಹಾಕಿ, ಮೇಲೆ ಕಾಗದ ಸುತ್ತುತ್ತಾರೆ. ಇಂಥವೇ ಪೊಟ್ಟಣಗಳು ಮೇ ತಿಂಗಳ ರಾತ್ರಿ ಬಸ್ಸುಗಳಲ್ಲಿ ಬೆಂಗಳೂರಿಗೂ ಮುಂಬಯಿಗೂ ಹೋಗುತ್ತವೆ, ವಿಮಾನದ ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಕೂತು ದುಬೈಗೂ ಹೋಗುತ್ತವೆ. ಹೋಟೆಲು ಇಟ್ಟು ಊರು ಬಿಟ್ಟವರ ಮನೆಗಳಲ್ಲಿ ಅಕ್ಕಿ ಯಾವುದಾದರೂ ನಡೆಯುತ್ತದೆ, ಪುಡಿ ಮಾತ್ರ ಊರಿನದೇ ಆಗಬೇಕು.

ನೀವು ಚಪ್ಪಲಿ ಮೆಟ್ಟುವಷ್ಟರಲ್ಲಿ ಬೆಂಗಳೂರಿನಿಂದ ದೊಡ್ಡಮ್ಮನ ಮಗಳ ಫೋನು. ಪೊಟ್ಟಣ ಮುಟ್ಟಿದೆ, ಒಲೆಯ ಮೇಲೆ ಕೋಳಿ ಇದೆ. ಸ್ಪೀಕರಿನಲ್ಲಿ ಕೇಳುತ್ತದೆ: "ಅಮ್ಮ, ಎಷ್ಟ್ ಚಮ್ಚ ಹಾಕುದ್?"

ದೊಡ್ಡಮ್ಮ ಚಮಚದ ಮಾತೇ ಆಡುವುದಿಲ್ಲ. "ಕಾಯಿ ಎಷ್ಟ್ ಇತ್ತ್, ಅದನ್ನ್ ಹೇಳ್ ಮೊದ್ಲ್" ಎನ್ನುತ್ತಾರೆ. ಅರ್ಧ ಕಾಯಿ, ಅದೂ ಫ್ರಿಜ್ಜಿನಲ್ಲಿ ಇಟ್ಟದ್ದು ಎಂದು ಆ ಕಡೆಯಿಂದ ಉತ್ತರ. ಹಾಗಾದರೆ ಎರಡೇ ಚಮಚ, ಕುದಿಯುವಾಗ ನೀರು ಬಿಸಿಯದೇ ಹಾಕಬೇಕು ಎಂದು ತೀರ್ಮಾನವಾಗುತ್ತದೆ. ಕೊನೆಗೆ ಗದರಿಕೆಯೊಂದು, ಅದು ನಿಮಗೂ ಸಲ್ಲುವಂಥದ್ದು: ಒದ್ದೆ ಚಮಚವನ್ನು ಬಾಟಲಿಗೆ ಹಾಕಿದರೆ ಮುಂದಿನ ವರ್ಷ ಪುಡಿ ಇಲ್ಲ.